ರಿಂಗ್ ಫ್ರೇಮ್

ಕೊಟ್ರಮ್ಮ ದೊಡ್ಡಮ್ಮನ ಎಡಗಿವಿ ಮಿಲ್ಲಿಗೆ ಹೋಯಿತು,
ಬಲಗಿವಿ ಅರ್ಧ. ಉಳಿದರ್ಧಕ್ಕೆ
ನಾನು ಕೂಗಿ ಹೇಳುತ್ತೇನೆ, ರಾತ್ರಿ ಹನ್ನೊಂದರಲ್ಲಿ,
ದಾವಣಗೆರೆಯ ಕೆ.ಟಿ.ಜೆ. ನಗರದ ಮಹಡಿ ಕೋಣೆಯಲ್ಲಿ,
ಪಕ್ಕದ ಮನೆಯವರು ಬೈದುಕೊಳ್ಳುವಷ್ಟು ಜೋರಾಗಿ:
ಅದು ಸುತ್ತುತ್ತದೆ ದೊಡ್ಡಮ್ಮ, ಬರೀ ಸುತ್ತುತ್ತದೆ.

ಎಲ್ಲಿ?
ದೂರದಲ್ಲಿ. ಉಕ್ಕಿನ ಕೊಳವೆಯ ಬಳೆ, ಒಳಗೆ ಗಾಳಿಯೂ ಇಲ್ಲ,
ಸುತ್ತಳತೆ ನೂರೆಂಟು ಮೀಟರು.
ನೂರೆಂಟು ಎಂದೊಡನೆ ಅವಳ ಕೈ ಕೆನ್ನೆಗೆ ಹೋಯಿತು.
ಕಾಕತಾಳೀಯ ಎಂದೆ. ಕೇಳಿಸಲಿಲ್ಲ.
ಸೆಕೆಂಡಿಗೆ ಹತ್ತೊಂಬತ್ತು ಲಕ್ಷ ಸುತ್ತು.

"ನಮ್ಮ ಟ್ರಾವೆಲರು ನಿಮಿಷಕ್ಕ ಹನ್ನೊಂದು ಸಾವಿರ,"
ಎಂದಳು, ಸೋಲೊಪ್ಪದೆ.
ಉಂಗುರದ ಮೇಲೆ ಓಡುವ ಉಗುರಿನಷ್ಟು ತಂತಿತುಂಡು,
ಅದರ ಹಿಂದೆ ಹಿಂದೆ ನೂಲು.
ನಾನೂರು ಕದಿರು ಒಟ್ಟಿಗೆ ಅರಚುವಾಗ
ಎಷ್ಟನೆಯದು ಸುಸ್ತಾಯಿತೆಂದು
ಬೆನ್ನು ತಿರುಗಿಸಿಯೇ ಹೇಳುತ್ತಿದ್ದಳಂತೆ.
ಕಿವಿ ಖರ್ಚಾದದ್ದು ಆ ಬಾಬತ್ತಿನಲ್ಲಿ.

ಬೀಜ ಅಂದರೆ ಯಾವ ಬೀಜ?
ಇದಕ್ಕೆ ನನಗೆ ಪುಸ್ತಕ ಬೇಕಾಗಲಿಲ್ಲ:
ಜಿನ್ನಿಗೆ ಹಾಕಿದ ಹತ್ತಿ ನೆನಪು ಮಾಡಿಕೋ.
ತೆಳು ಲೋಹದ ಹಾಳೆಯೊಂದನ್ನು ತೂರಿ ಬರುವಾಗ
ಅರಳೆಯೆಲ್ಲ ಕಳಚುತ್ತದೆ, ಮೂವತ್ತೆರಡು ಎಲೆಕ್ಟ್ರಾನು,
ಒಂದೂ ಉಳಿಯುವುದಿಲ್ಲ.
ಬೋಳು ಬೀಜ, ಜರ್ಮೇನಿಯಮ್ಮಿನದು, ಓಡುತ್ತದೆ.
ಕೆಲವಕ್ಕೆ ಒಳಗೊಂದು ಕುದಿ.
ಕುದಿಗೂ ತೂಕವಿದೆ ದೊಡ್ಡಮ್ಮ, ನಂಬು,
ಕುದಿಯುವುದು ತಣ್ಣಗಿನದಕ್ಕಿಂತ ಕೂದಲೆಳೆ ಭಾರ,
ಅದರ ಸುತ್ತು ಕೂದಲೆಳೆ ತಡ.
ದಾರಿಯಲ್ಲಿ ಕಿವಿಗೊಟ್ಟು ಕೂತ ಪೆಟ್ಟಿಗೆಯೊಂದು
ಆ ಸದ್ದನ್ನು ಬರೆದುಕೊಳ್ಳುತ್ತದೆ. ಪರದೆಯ ಮೇಲೆ ಎರಡು ಗೆರೆ.

ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಬಗ್ಗಿದಳು.
ದಪ್ಪ ಗೆರೆ ಕೊನೆಯ ತನಕ ಇಳಿದಿತ್ತು. ಪಕ್ಕದ ಸಣ್ಣದು
ಮಸುಕಾಗಿ, ಇನ್ನೂ ಮಸುಕಾಗಿ,
"ಇದು ಹರೀತು," ಎಂದಳು.
ಕಾಲೇಜಿನ ಪಾಠ ಮುಗಿಸಿ ಬಂದು ಆರು ವಾರ,
ಸಾವಿರಾರು ಸಲದ ಓಟವನ್ನು ಒಂದರ ಮೇಲೊಂದು ಪೇರಿಸಿ,
ಗದ್ದಲ ಕಳೆದು, ನಾನು ಕಂಡದ್ದೂ ಅಷ್ಟೇ.

ಹರಿಯುವುದಲ್ಲ, ತಣಿಯುವುದು.
ಮಾಮೂಲಿಯಾಗಿ ಕುದಿಯನ್ನು
ಹತ್ತಿರದ ಎಲೆಕ್ಟ್ರಾನಿಗೆ ದಾಟಿಸಿ ಬೀಜ ಹಗುರಾಗುತ್ತದೆ.
ಇಲ್ಲಿ ಹತ್ತಿರ ಯಾರೂ ಇಲ್ಲ.
ಒಂಟಿ ಬೆಳಕಾಗಿ ಹೊರಡಲು ನಿಯಮ ಬಿಡುವುದಿಲ್ಲ.
ಹಿಡಿದುಕೊಂಡೇ ಸುತ್ತುತ್ತದೆ; ಕಡೆಗೊಮ್ಮೆ
ಎರಡು ಬೆಳಕು, ಜೊತೆಗೇ,
ಇದ್ದದ್ದನ್ನು ಹೆಚ್ಚುಕಡಿಮೆ ಹಂಚಿಕೊಂಡು.

ಎಷ್ಟು ಹೊತ್ತು?
ಇಪ್ಪತ್ತನಾಲ್ಕು ಮಿಲಿಸೆಕೆಂಡಿಗೆ ಅರ್ಧದಷ್ಟು ಬೀಜ.
ನೀನು ರೆಪ್ಪೆ ಬಡಿಯುವುದರೊಳಗೆ ಬಹುಪಾಲು ಮುಗಿದಿರುತ್ತದೆ.
ಆದರೆ ಮೈತುಂಬ ಅರಳೆ ಇದ್ದಾಗಿನದಕ್ಕೆ ಹಿಡಿದರೆ
ಐವತ್ತು ಸಾವಿರ ಪಟ್ಟು ಆಯುಸ್ಸು.

ಕೆಳಗೆ ಎಲ್ಲೋ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ವಾಸನೆ.
"ಹೇಳಿಕೊಳ್ಳಾಕ ಯಾರೂ ಇಲ್ಲಂದ್ರ ತಡ ಆಗತೈತಿ,"
ಎಂದಳು, ಇದನ್ನು ಅಳೆಯಲು
ಅಷ್ಟು ದೊಡ್ಡ ಬಳೆ ಯಾಕೆ ಬೇಕಿತ್ತೋ ಎಂಬಂತೆ.
ಮಿಲ್ಲಿನ ಗೇಟಿಗೆ ಚೀಟಿ ಅಂಟಿಸಿದ ದಿನದ ಮಾತು
ಅವಳ ಬಾಯಿಂದ ಬಂದದ್ದು
ಇಪ್ಪತ್ತಾರು ವರ್ಷದ ಮೇಲೆ, ಒಮ್ಮೆ ಕರೆಂಟು ಹೋಗಿದ್ದಾಗ.
ಕರೆಂಟು ಬಂದೊಡನೆ ನಿಲ್ಲಿಸಿದಳು.

ನಾನು ದೋಷದ ಅಂದಾಜು ಬರೆಯಲು ತಿರುಗಿದೆ.
ಅವಳು ಮಲಗಲು ಎದ್ದವಳು
ಬೆರಳ ತುದಿ ನಾಲಿಗೆಗೆ ತಾಗಿಸಿ,
ಸಣ್ಣ ಗೆರೆ ಕಾಣದಾದಲ್ಲಿ ಪರದೆ ಮುಟ್ಟಿ ಒಮ್ಮೆ ಹೊಸೆದಳು,
ಓಡುವ ಯಂತ್ರ ನಿಲ್ಲಿಸದೆ ಎಳೆ ಕೂಡಿಸುವ ಹಾಗೆ.

ಬೆಳಿಗ್ಗೆ, ನೂರನೆಯ ಮಿಲಿಸೆಕೆಂಡಿನ ಹತ್ತಿರ
ಒಂದು ಮಬ್ಬು ಕಲೆ.
ಎರಡು ನಿಮಿಷ ನಾನು ಅದನ್ನೂ
ದತ್ತಾಂಶವೆಂದೇ ನೋಡುತ್ತಿದ್ದೆ.